ಸದ್ದಿಲ್ಲದ ಕಾರಿಗೂ ಕೀಲೆಣ್ಣೆ

ಎತ್ತಿನ ಗಾಡಿ ನೋಡಿದ ಅಜ್ಜ ಅಜ್ಜಿಯರಿಗೆ ಕೀಲೆಣ್ಣೆ ಎಂದರೆ ಏನೆಂದು ಹೇಳಬೇಕಿಲ್ಲ. ಮೊಮ್ಮಕ್ಕಳಿಗೆ ಹೇಳಬೇಕು. ಗಾಡಿಯ ಅಡಿಗೆ ಒಂದು ಬಿದಿರಿನ ಅಂಡೆ ನೇತಾಡುತ್ತಿತ್ತು. ಅದರೊಳಗೆ ಕಪ್ಪಗೆ, ಅಂಟಂಟಾದ ಎಣ್ಣೆ. ಚಕ್ರ ತಿರುಗುವ ಅಚ್ಚಿಗೆ ಅದನ್ನು ಸವರದಿದ್ದರೆ ಗಾಡಿ ಕಿರ್ರೋ ಎಂದು ಅಳುತ್ತಾ ಹೋಗುತ್ತಿತ್ತು. ಎಣ್ಣೆ ಮುಗಿದದ್ದು ಗಾಡಿಯವನಿಗಿಂತ ಮೊದಲು ಕೇರಿಗೆಲ್ಲ ಗೊತ್ತಾಗುತ್ತಿತ್ತು. ಆಮೇಲೆ ಬಸ್ಸು, ಲಾರಿ, ಬೋಟು ಬಂದವು. ಅವೂ ಅಷ್ಟೇ, ಒಳಗೆ ಏನಾದರೂ ಹೆಚ್ಚುಕಡಿಮೆಯಾದರೆ ಸದ್ದು ಬದಲಿಸಿ ಹೇಳುತ್ತಿದ್ದವು. ನಾನು ಗಂಗೊಳ್ಳಿ ಬಂದರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡಿದವನು. ನನ್ನ ವಿದ್ಯೆಯಲ್ಲಿ ಅರ್ಧ ಕೈಯದ್ದು, ಅರ್ಧ ಕಿವಿಯದ್ದು.

ಈಗ ನಮ್ಮ ಅಂಗಳಕ್ಕೆ ಸದ್ದೇ ಇಲ್ಲದ ಕಾರು ಬಂದಿದೆ.

ನಮ್ಮ ಮನೆ ಹೆಮ್ಮಾಡಿಯ ಹತ್ತಿರ. ಸೇವಂತಿಗೆ ಹೂವಿಗೆ ಹೆಸರಾದ ಹೆಮ್ಮಾಡಿ ಎಂದರೆ ಕುಂದಾಪುರದ ಕಡೆಯವರಿಗೆ ಗೊತ್ತಾಗುತ್ತದೆ. ಮಗ ಬ್ರಹ್ಮಾವರದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾನೆ, ಹೋಗಿಬರುವುದು ಬಸ್ಸಿನಲ್ಲಿ. ಕಾರು ಹೆಚ್ಚಾಗಿ ಸೊಸೆಯ ಕೈಯಲ್ಲಿ. ಮೊಮ್ಮಗಳನ್ನು ಮೂರು ಕಿಲೋಮೀಟರ್ ದೂರದ ಶಾಲೆಗೆ ಬಿಡುವುದು, ಸಂಜೆ ಕರೆತರುವುದು, ಭಾನುವಾರ ಬಂದರೆ ಬೈಂದೂರಿನಲ್ಲಿರುವ ನನ್ನ ತಂಗಿಯ ಮನೆಗೆ ಒಂದು ಸುತ್ತು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದ ಹೈಬ್ರಿಡ್ ಕಾರು ಅದು. ಗುಂಡಿ ಒತ್ತಿದರೆ ಸದ್ದಿಲ್ಲ, ಹಿಂದಕ್ಕೆ ತೆಗೆದರೆ ಸದ್ದಿಲ್ಲ, ಗೇಟು ದಾಟಿ ರಸ್ತೆಗೆ ಹೋದ ಮೇಲೆ ಯಾವಾಗಲೋ ಇಂಜಿನ್ ಎದ್ದು ಗುಂಯ್ ಎನ್ನುತ್ತದೆ. ಅಂಗಳದಲ್ಲಿ ಮಲಗಿದ ನಾಯಿಗೂ ಅದು ಹೊರಟದ್ದು ತಿಳಿಯದೆ ಎರಡು ಸಲ ಗಾಬರಿಯಾಗಿ ಎದ್ದು ಓಡಿದೆ.

ಹೈಬ್ರಿಡ್ ಎಂದರೆ ಏನೆಂದು ಮೊಮ್ಮಗಳು ಕೇಳಿದಾಗ ನಾನು ಯಕ್ಷಗಾನದ ಹಿಮ್ಮೇಳ ತೋರಿಸಿ ಹೇಳಿದೆ. ಮಾರಣಕಟ್ಟೆ ಮೇಳದ ಆಟ, ಮಂದಾರ್ತಿ ಮೇಳದ ಆಟ ನೋಡಿದ ಮಕ್ಕಳಿಗೆ ಇದು ಸುಲಭ. ಭಾಗವತರ ಪಕ್ಕ ಮದ್ದಳೆಯವರು ಕೂತಿರುತ್ತಾರೆ, ಚೆಂಡೆಯವರೂ ಇರುತ್ತಾರೆ. ಶೃಂಗಾರದ ಪದಕ್ಕೆ, ಕರುಣದ ಪದಕ್ಕೆ ಮದ್ದಳೆ ಸಾಕು. ರಾಕ್ಷಸ ವೇಷ ಬಂತೋ, ಯುದ್ಧ ಶುರುವಾಯಿತೋ, ಚೆಂಡೆ ಬೇಕೇ ಬೇಕು. ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿಯಿಂದ ತಿರುಗುವ ಮೋಟಾರು ಮದ್ದಳೆ, ಪೆಟ್ರೋಲ್ ಇಂಜಿನ್ ಚೆಂಡೆ. ನಿಧಾನವಾಗಿ ಹೊರಡುವಾಗ, ಕುಂದಾಪುರ ಪೇಟೆಯ ಗಲಾಟೆಯಲ್ಲಿ ತೆವಳುವಾಗ ಮೋಟಾರೇ ಸಾಕು. ಹೆದ್ದಾರಿಯಲ್ಲಿ ಜೋರಾಗಿ ಹೋಗಬೇಕಾದರೆ, ಚಡಾವು ಹತ್ತಬೇಕಾದರೆ ಇಂಜಿನ್ ಎದ್ದು ಸೇರಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಚಕ್ರದ ಓಟವೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಒಂದಿಷ್ಟು ಕರೆಂಟನ್ನು ವಾಪಸು ಕೊಡುತ್ತದೆ. ಇಂಥ ಕಾರು ದೊಡ್ಡ ಲೆಕ್ಕದಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಜಪಾನಿನಲ್ಲಿ, 1997ರ ಡಿಸೆಂಬರಿನಲ್ಲಿ. ನಮ್ಮ ಕೋಟದ ಶಿವರಾಮ ಕಾರಂತರು ತೀರಿಕೊಂಡ ತಿಂಗಳೂ ಅದೇ. ಹೊಸ ಯಂತ್ರ ಎಂದರೆ ಬಿಚ್ಚಿ ನೋಡುವಷ್ಟು ಕುತೂಹಲವಿದ್ದ ಅಜ್ಜ ಅವರು. ಈ ಕಾರನ್ನು ನೋಡಿದ್ದರೆ ಏನನ್ನುತ್ತಿದ್ದರೋ. ಈಗ ಇಂಥ ಕಾರುಗಳು ನಮ್ಮ ರಾಮನಗರದ ಕಡೆಯ ಬಿಡದಿಯಲ್ಲೇ ತಯಾರಾಗುತ್ತವೆ.

ನಮ್ಮ ಮನೆಯಲ್ಲಿ ತರ್ಕ ಹುಟ್ಟಿದ್ದು ಎಣ್ಣೆಯ ವಿಷಯಕ್ಕೆ. ಕಾರು ತಂದು ಹದಿನಾಲ್ಕು ತಿಂಗಳಾಗಿತ್ತು. ಓಡಿದ್ದು 6,400 ಕಿಲೋಮೀಟರ್. ನಾನು ಇಂಜಿನ್ ಆಯಿಲ್ ಬದಲಿಸಬೇಕು ಅಂದೆ.

"ಅಪ್ಪಯ್ಯ, ಹತ್ತು ಸಾವಿರ ಆಯ್ಲಿಲ್ಲೆ. ಅದ್ರಂಗೂ ಅರ್ಧ ದಾರಿ ಬ್ಯಾಟ್ರಿಯಂಗೆ ಓಡಿದ್ದ್. ಇಂಜಿನ್ ಓಡಿದ್ದ್ ಮೂರು ಸಾವಿರ ಕಿಲೋಮೀಟರ್ ಆದ್ರೆ ಹೆಚ್ಚ್" ಅಂದ ಮಗ. ಬ್ಯಾಂಕಿನವನ ಲೆಕ್ಕ. ಕೂಡಿ ಕಳೆದರೆ ಸರಿಯಾಗಿಯೇ ಇತ್ತು.

ಆದರೆ ಇಂಜಿನ್ನಿನ ಲೆಕ್ಕ ಬೇರೆ. ಕಾರಿನ ಎದುರು ಕಾಣುವ ಕಿಲೋಮೀಟರ್ ಸಂಖ್ಯೆ ಚಕ್ರ ಎಷ್ಟು ದೂರ ಉರುಳಿತು ಎಂಬುದನ್ನು ಹೇಳುತ್ತದೆ, ಅಷ್ಟೇ. ಆ ದಾರಿಯಲ್ಲಿ ಇಂಜಿನ್ ಎಷ್ಟು ಸಲ ಎದ್ದಿತು, ಎಷ್ಟು ಸಲ ಮಲಗಿತು, ಎದ್ದದ್ದು ಸರಿಯಾಗಿ ಬಿಸಿಯಾಗುವ ಮೊದಲೇ ಮಲಗಿತೋ ಎಂಬುದು ಆ ಸಂಖ್ಯೆಯಲ್ಲಿ ಇರುವುದಿಲ್ಲ. ಮೊಮ್ಮಗಳಿಗೆ ಕಾರಿನ ಪುಸ್ತಕ ಕೊಟ್ಟು ಓದು ಅಂದೆ. ಏಳನೇ ಕ್ಲಾಸಿನ ಹುಡುಗಿ, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಳು: ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ತೀರ ಹತ್ತಿರ ಹತ್ತಿರದ ಓಡಾಟವೇ ಹೆಚ್ಚಾಗಿದ್ದರೆ ಇನ್ನೂ ಬೇಗ ಬದಲಿಸಬೇಕು.

"ಹತ್ತಿರ ಓಡಿದ್ರೆ ಕಮ್ಮಿ ಸವಿಯುದಲ್ದಾ ಅಜ್ಜಯ್ಯ?" ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬಾನೆಟ್ ತೆಗೆದು ಇಂಜಿನ್ನಿಗೆ ಎಣ್ಣೆ ಹೊಯ್ಯುವ ಮುಚ್ಚಳ ತಿರುಗಿಸಿ ಅವಳ ಕೈಯಲ್ಲಿ ಕೊಟ್ಟೆ. ಮುಚ್ಚಳದ ಒಳಮೈಯಲ್ಲಿ ತೆಳ್ಳಗೆ ಹಳದಿ ಬೆರೆತ ಬಿಳಿ ಕೆನೆ.

"ಮಜ್ಜಿಗಿ ಹಾಂಗೆ ಇತ್ತ್!"

ಈ ಮಜ್ಜಿಗೆ ನನಗೆ ಹಳೆಯ ಪರಿಚಯ. ಗಂಗೊಳ್ಳಿಯಲ್ಲಿ ಇದನ್ನು ನೋಡಿ ಎಷ್ಟೋ ಸಲ ಎದೆ ಧಸಕ್ ಎಂದಿದೆ. ದೊಡ್ಡ ಬೋಟುಗಳ ಇಂಜಿನ್ನನ್ನು ತಣ್ಣಗಿಡುವುದು ಸಮುದ್ರದ ನೀರು. ಆ ನೀರು ಇಂಜಿನ್ನಿನ ಹೊರಗೆ ಸಣ್ಣ ಕೊಳವೆಗಳ ಮೂಲಕ ಹಾದು ಶಾಖವನ್ನು ಹೊತ್ತುಕೊಂಡು ಹೊರಗೆ ಹೋಗಬೇಕು. ಉಪ್ಪು ತಿಂದು ಒಂದು ಕೊಳವೆ ತೂತಾದರೆ ನೀರು ಎಣ್ಣೆಯೊಳಗೆ ಇಳಿಯುತ್ತದೆ. ಒಂದು ಮಳೆಗಾಲ ಕಳೆದು ಕಡಲಿಗಿಳಿಯುವ ಹೊತ್ತಿನಲ್ಲಿ ಒಬ್ಬ ತಾಂಡೇಲ ನನ್ನ ಹತ್ತಿರ ನಗುತ್ತಾ ಬಂದ. ಅವನ ಇಂಜಿನ್ ಎಣ್ಣೆಯನ್ನು ಕುಡಿಯುವುದೇ ಇಲ್ಲವಂತೆ, ಅಳತೆ ಕಡ್ಡಿಯಲ್ಲಿ ನೋಡಿದರೆ ಹೋದ ವಾರಕ್ಕಿಂತ ಒಂದು ಬೆರಳು ಹೆಚ್ಚೇ ಇದೆಯಂತೆ. ನಾನು ನಗಲಿಲ್ಲ. ಎಣ್ಣೆ ತಾನಾಗಿ ಹೆಚ್ಚಾಗುವುದಿಲ್ಲ. ಕಡ್ಡಿ ಎಳೆದು ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಎಂಟು ಜನ ಆ ರಾತ್ರಿ ಹೊರಡುವವರಿದ್ದರು. ಎಣ್ಣೆಯ ಬದಲು ನೀರು ಬೆರೆತ ಮಜ್ಜಿಗೆ ಬೇರಿಂಗಿಗೆ ಹೋದರೆ ಇಂಜಿನ್ ಹಿಡಿದು ನಿಂತುಬಿಡುತ್ತದೆ, ಅದೂ ದಡ ಕಾಣದ ಜಾಗದಲ್ಲಿ. ತಾಂಡೇಲನಿಗೆ ಎರಡು ದಿನದ ಮೀನು ಹೋಯಿತು, ನನಗೆ ಎರಡು ರಾತ್ರಿಯ ನಿದ್ದೆ ಹೋಯಿತು. ಬೋಟು ಮೂರನೇ ದಿನ ಹೊರಟಿತು.

ನಮ್ಮ ಕಾರಿನ ಮುಚ್ಚಳದಲ್ಲಿದ್ದದ್ದು ಅಷ್ಟು ಭಯದ್ದಲ್ಲ. ಕಡ್ಡಿ ಎಳೆದು ನೋಡಿದೆ: ಎಣ್ಣೆ ಕಪ್ಪಾಗಿತ್ತು, ಆದರೆ ಹಾಲಾಗಿರಲಿಲ್ಲ, ಮಟ್ಟವೂ ಏರಿರಲಿಲ್ಲ. ರೇಡಿಯೇಟರ್ ನೀರೂ ಇದ್ದಷ್ಟೇ ಇತ್ತು. ಹಾಗಾದರೆ ಮುಚ್ಚಳಕ್ಕೆ ನೀರು ಎಲ್ಲಿಂದ ಬಂತು? ಪೆಟ್ರೋಲಿನಿಂದ! ಮಕ್ಕಳಿಗೆ ಇದು ಆಶ್ಚರ್ಯವಾಗಬಹುದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. ಬೆಳಗ್ಗೆ ಬೆಳಗ್ಗೆ ಕಾರಿನ ಸೈಲೆನ್ಸರ್ ಬಾಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುವುದನ್ನು ನೋಡಿಲ್ಲವೇ? ಬಹುಪಾಲು ಆವಿಯಾಗಿ ಹೊರಗೆ ಹೋಗುತ್ತದೆ. ಒಂದಿಷ್ಟು ಪಿಸ್ಟನ್ನಿನ ಸಂದಿಯಿಂದ ನುಸುಳಿ ಎಣ್ಣೆಯ ಕಡೆಗೆ ಇಳಿಯುತ್ತದೆ. ಇಂಜಿನ್ ಒಂದು ಗಂಟೆ ಓಡಿ ಚೆನ್ನಾಗಿ ಬಿಸಿಯಾದರೆ ಆ ನೀರು ಮತ್ತೆ ಆವಿಯಾಗಿ ಹೋಗುತ್ತದೆ, ಒಲೆಯ ಮೇಲಿನ ಕಾವಲಿಗೆ ಬಿದ್ದ ಹನಿಯ ಹಾಗೆ. ಆದರೆ ನಮ್ಮ ಕಾರು ಶಾಲೆಯ ಮೂರು ಕಿಲೋಮೀಟರಿನಲ್ಲಿ ಎರಡು ನಿಮಿಷ ಇಂಜಿನ್, ಮೂರು ನಿಮಿಷ ಮೋಟಾರು, ಮತ್ತೆ ಒಂದು ನಿಮಿಷ ಇಂಜಿನ್, ಅಷ್ಟರಲ್ಲಿ ಗೇಟು ಬಂತು. ಕಾವಲಿ ಕಾಯುವುದೇ ಇಲ್ಲ. ಇಡೀ ಮಳೆಗಾಲ ಹೀಗೆ ಓಡಿದರೆ ನೀರೂ, ಸರಿಯಾಗಿ ಉರಿಯದ ಪೆಟ್ರೋಲೂ ಎಣ್ಣೆಯಲ್ಲಿ ಉಳಿದು ಅದರ ಜಿಗುಟನ್ನು ಕೆಡಿಸುತ್ತವೆ. ಕಮ್ಮಿ ಓಡಿದ ಇಂಜಿನ್ನಿಗೆ ಬೇಗ ಎಣ್ಣೆ ಬೇಕಾಗುವುದು ಹೀಗೆ.

ಮಗ ಮುಚ್ಚಳವನ್ನೂ ನೋಡಿದ, ಪುಸ್ತಕವನ್ನೂ ನೋಡಿದ. "ಆಯ್ತ್, ಆಯುಧ ಪೂಜಿಯೊಳ್ಗೆ ಮಾಡ್ಸುವ" ಅಂದ. ಮಾಡಿಸುವುದೇಕೆ, ಮಾಡುವ ಅಂದೆ ನಾನು. ಇಲ್ಲಿ ಒಂದು ಮಾತು: ಕಾರಿಗೆ ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವೀಸಿಗೇ ಕೊಡುವುದು ಒಳ್ಳೆಯದು. ನಮ್ಮದು ಆ ಗಡುವು ದಾಟಿದ ಕಾರು. ನನಗೋ ಎಪ್ಪತ್ತೆರಡು ವಯಸ್ಸು, ಕೈ ಸುಮ್ಮನೆ ಕೂತಿದೆ.

ಎಣ್ಣೆ ತರಲು ಹೋದಲ್ಲಿ ಇನ್ನೊಂದು ತರ್ಕ. ಪುಸ್ತಕದಲ್ಲಿ ಬರೆದದ್ದು 0ಡಬ್ಲ್ಯು-16. ಡಬ್ಬದ ಮುಚ್ಚಳ ತೆಗೆದು ಒಂದು ಹನಿ ಬೆರಳಿಗೆ ಹಾಕಿ ನೋಡಿದರೆ ಗಂಜಿ ತಿಳಿಯಷ್ಟು ತೆಳು. ನಾನು ಬೋಟಿಗೆ ಹಾಕುತ್ತಿದ್ದ ಎಣ್ಣೆ ಜೋನಿಬೆಲ್ಲದ ಹಾಗೆ ಇಳಿಯುತ್ತಿತ್ತು. ಜೊತೆಗೆ ಬಂದ ನನ್ನ ಹಳೆಯ ಸಂಗಾತಿ, "ನಮ್ಮ್ ಸೆಕಿಗೆ ಈ ನೀರ್ ಎಣ್ಣಿ ಸಾಕಾತಿಲ್ಲೆ, ದಪ್ಪದ್ದ್ ಹಾಕಿ" ಅಂದ. ಅವನ ಅನುಭವ ಸುಳ್ಳಲ್ಲ, ಬೇರೆ ಇಂಜಿನ್ನಿನದ್ದು. ಡಬ್ಲ್ಯು ಎಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಎಣ್ಣೆ ಬೇಗ ಹರಿಯುತ್ತದೆ. ಹಿಂದಿನ ಅಂಕಿ ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಕುಂದಾಪುರದಲ್ಲಿ ಎಲ್ಲಿಯ ಚಳಿಗಾಲ ಎಂದು ನೀವು ಕೇಳಬಹುದು. ಆದರೆ ಓಡುವ ಇಂಜಿನ್ನಿನ ಎಣ್ಣೆ 100 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅದಕ್ಕೆ ನಮ್ಮ 30 ಡಿಗ್ರಿಯ ಬೆಳಗೂ ಚಳಿಯೇ. ದಾರಿಯುದ್ದಕ್ಕೂ ಎದ್ದು ಮಲಗಿ ಮಾಡುವ ಇಂಜಿನ್ನಿಗೆ ಎದ್ದ ಕೂಡಲೇ ಎಣ್ಣೆ ಮೂಲೆ ಮೂಲೆಗೆ ಓಡಬೇಕು. ಆ ಇಂಜಿನ್ನಿನ ಸಂದಿಗಳನ್ನು ಆ ತೆಳುವಿಗೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಪುಸ್ತಕ ಹೇಳಿದ್ದನ್ನೇ ಕೊಂಡೆವು. ಜೊತೆಗೆ ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ ಒಂದು ವಾಶರ್.

ಆಯುಧ ಪೂಜೆಗೆ ಎರಡು ದಿನ ಇರುವಾಗ ಮುಹೂರ್ತ. ಎಣ್ಣೆ ಸ್ವಲ್ಪ ಬೆಚ್ಚಗಿದ್ದರೆ ಕೊಳೆಯೆಲ್ಲ ಸಲೀಸಾಗಿ ಇಳಿಯುತ್ತದೆ. ಬೇರೆ ಕಾರಾದರೆ ಅಂಗಳದಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿದರಾಯಿತು. ಇದು ಅಂಗಳದಲ್ಲಿ ನಿಂತರೆ ಇಂಜಿನ್ನನ್ನು ಮಲಗಿಸಿಬಿಡುತ್ತದೆ! ಹಾಗಾಗಿ ತ್ರಾಸಿ ದಾಟಿ ಮರವಂತೆಯವರೆಗೆ ಹೋದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಮೊಮ್ಮಗಳು ಗಾಜಿಗೆ ಮೂಗು ಒತ್ತಿ ಕೂತಳು. ಎಷ್ಟು ಸಲ ನೋಡಿದರೂ ಆ ಜಾಗಕ್ಕೆ ಬಂದಾಗ ಮಾತು ನಿಲ್ಲುತ್ತದೆ. ವಾಪಸು ಬಂದು, ಸುಡುವ ಬಿಸಿ ಇಳಿಯಲೆಂದು ಅರ್ಧ ಗಂಟೆ ಬಿಟ್ಟೆವು.

ಈ ಕೆಲಸದಲ್ಲಿ ನನಗೆ ನಿಜವಾಗಿ ಹೆದರಿಕೆಯಿದ್ದದ್ದು ಒಂದೇ, ಆ ಮೌನ. ಬೋಟಿನ ಇಂಜಿನ್ ನಿಂತಿದೆಯೋ ಓಡುತ್ತಿದೆಯೋ ಕಣ್ಣು ಮುಚ್ಚಿ ಹೇಳಬಹುದು. ಹೈಬ್ರಿಡ್ ಕಾರಿನ ಎದುರು ಫಲಕದಲ್ಲಿ 'ರೆಡಿ' ಎಂಬ ಹಸಿರು ಅಕ್ಷರ ಉರಿಯುತ್ತಿದ್ದರೆ ಅದು ಎಚ್ಚರವಾಗಿದೆ ಎಂದರ್ಥ. ಚೆಂಡೆಯ ಸದ್ದಿಲ್ಲವೆಂದು ಚೆಂಡೆಯವರು ಮನೆಗೆ ಹೋಗಿದ್ದಾರೆ ಅಂದುಕೊಳ್ಳಬಾರದು. ಕೋಲು ಹಿಡಿದೇ ಕೂತಿರುತ್ತಾರೆ. ಬ್ಯಾಟರಿ ಇಳಿಯಿತೆಂದು ಕಾರಿಗೆ ತೋರಿದರೆ ಯಾರನ್ನೂ ಕೇಳದೆ ಇಂಜಿನ್ ಎದ್ದುಬಿಡುತ್ತದೆ. ಆಗ ಬೆಲ್ಟಿನ ಹತ್ತಿರ ಕೈಯಿದ್ದರೆ? ಅದಕ್ಕೆ ಮೊದಲ ಕೆಲಸ, ಹಸಿರು ಅಕ್ಷರ ಆರಿದೆಯೇ ನೋಡುವುದು. ಎರಡನೆಯದು, ಕೀಲಿಯನ್ನು ಕಾರಿನಿಂದ ದೂರ ಇಡುವುದು. ಈ ಕಾರಿಗೆ ಕೀಲಿ ಹತ್ತಿರದಲ್ಲಿದ್ದರೆ ಸಾಕು, ಯಾರು ಗುಂಡಿ ಒತ್ತಿದರೂ ಏಳುತ್ತದೆ. ನಮ್ಮನೆಯಾಕೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಡುಗೆಮನೆಗೆ ಹೋದಳು. "ಹ್ವಾಯ್, ನಿಮ್ಮ್ ಕೆಲ್ಸ ಮುಗಿದ್ ಅಂದೇಳಿ ಮೊಮ್ಮಗಳ್ ಬಂದ್ ಹೇಳುವರಿಗೆ ನಾ ಕೊಡ್ತಿಲ್ಲೆ" ಎಂದಳು. ಬ್ಯಾಂಕಿನ ಲಾಕರೂ ಅಷ್ಟು ಭದ್ರವಲ್ಲ.

ಮೂರನೆಯದು ಕಿತ್ತಳೆ ಬಣ್ಣದ ದಪ್ಪ ಕೇಬಲ್. ಬಾನೆಟ್ಟಿನೊಳಗೆ ಆ ಬಣ್ಣ ಕಂಡರೆ ಅದು ದೊಡ್ಡ ಬ್ಯಾಟರಿಯ ಕರೆಂಟು ಹೋಗುವ ದಾರಿ. ಮನೆಯ ಮೇನ್ ಸ್ವಿಚ್ಚಿಗೆ ಹೆದರುವಷ್ಟು ಅದಕ್ಕೆ ಹೆದರಬೇಕು. ಎಣ್ಣೆ ಬದಲಿಸುವವರಿಗೆ ಅದರ ಹತ್ತಿರ ಏನೂ ಕೆಲಸವಿಲ್ಲ. ಮೊಮ್ಮಗಳಿಗೆ ಮೊದಲೇ ಹೇಳಿದ್ದೆ, ಕಿತ್ತಳೆ ಕಂಡಲ್ಲಿ ಕೈ ಹಿಂದೆ. ಕಾರಿನಡಿಗೆ ಅವಳು ಬರುವುದಿಲ್ಲ ಎಂಬುದೂ ಅಷ್ಟೇ ಖಂಡಿತ. ಅವಳ ಕೆಲಸ ಹೊರಗೆ ಮಣೆ ಹಾಕಿ ಕೂತು ಪುಸ್ತಕ ಓದುವುದು, ನಾನು ಕೇಳಿದ ಸಾಮಾನು ಕೊಡುವುದು.

ಮುಂದಿನ ಚಕ್ರಗಳನ್ನು ಎರಡು ಕಬ್ಬಿಣದ ಇಳಿಜಾರು ಕಟ್ಟೆಗಳ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಮರದ ತಡೆ ಕೊಟ್ಟೆವು. ನಮ್ಮ ಕಡೆ ಮುರಕಲ್ಲು ಎಲ್ಲೆಂದರಲ್ಲಿ ಸಿಗುತ್ತದೆ ಎಂದು ಕೆಲವರು ಅದನ್ನೇ ಕಾರಿನಡಿಗೆ ಇಡುತ್ತಾರೆ. ಬೇಡ. ಗೋಡೆಗೆ ಎಷ್ಟು ಗಟ್ಟಿಯೋ, ಒಂದೇ ಜಾಗದಲ್ಲಿ ಭಾರ ಬಿದ್ದರೆ ಅಷ್ಟೇ ಸುಲಭವಾಗಿ ಒಡೆಯುವ ಕಲ್ಲು ಅದು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೂ ಯಾರೂ ನುಗ್ಗಬಾರದು. ಬಂದರಿನಲ್ಲಿ ಇದ್ದಾಗಲೂ ನಾನು ಹುಡುಗರಿಗೆ ಬೈದದ್ದಿದ್ದರೆ ಇಂಥದ್ದಕ್ಕೇ.

ಅಡಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಎರಡು ಬೋಲ್ಟ್ ಕಾಣುತ್ತವೆ, ಅಣ್ಣ ತಮ್ಮನ ಹಾಗೆ. ಒಂದು ಇಂಜಿನ್ ಎಣ್ಣೆಯದ್ದು, ಇನ್ನೊಂದು ಮೋಟಾರು ಮತ್ತು ಗೇರುಗಳಿರುವ ಪೆಟ್ಟಿಗೆಯದ್ದು. ಆ ಪೆಟ್ಟಿಗೆಯ ಎಣ್ಣೆಯೇ ಬೇರೆ, ಅದನ್ನು ಖಾಲಿ ಮಾಡಿ ಕಾರು ಓಡಿಸಿದರೆ ಗ್ರಹಚಾರ. "ಮಗಾ, ಚಿತ್ರ ಕಾಣ್, ಯಾವ್ದ್?" ಅಂದೆ. ಅವಳು ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ, "ಫಿಲ್ಟರ್ ಇಪ್ಪು ಬದಿದ್ದ್ ಅಜ್ಜಯ್ಯ" ಅಂದಳು. ನನ್ನ ಅಂದಾಜೂ ಅದೇ. ಬೋಲ್ಟ್ ಸಡಿಲಿಸಿ ಅಗಲ ಬೇಸಿನ್ ಇಟ್ಟೆ. ಮೊದಲು ಕಪ್ಪು ಧಾರೆ, ಆಮೇಲೆ ನೂಲು, ಆಮೇಲೆ ತೊಟ್ಟು. ಬೋಲ್ಟನ್ನು ಬಟ್ಟೆಯಲ್ಲಿ ಒರಸಿ ತುದಿ ನೋಡಿದೆ, ಕಬ್ಬಿಣದ ಚೂರುಗಳಿರಲಿಲ್ಲ. ಹಳೆಯ ಫಿಲ್ಟರ್ ತಿರುಗಿಸಿ ತೆಗೆದು, ಹೊಸದರ ರಬ್ಬರ್ ಬಳೆಗೆ ಹೊಸ ಎಣ್ಣೆ ಸವರಿ, ಕೈಯಲ್ಲೇ ಬಿಗಿ ಮಾಡಿದೆ. ಬೋಲ್ಟಿಗೆ ಹೊಸ ವಾಶರ್. ಎಷ್ಟು ಬಿಗಿ ಬೇಕೆಂದು ಪುಸ್ತಕ ಹೇಳಿದಷ್ಟಕ್ಕೆ ಕ್ಲಿಕ್ ಎನ್ನುವ ಪಾನಾ ನನ್ನ ಹಳೆಯ ಶಿಷ್ಯನಿಂದ ತಂದಿದ್ದೆ. ಶಿಷ್ಯ ನಕ್ಕ, "ನಿಮ್ಮ್ ಕೈಯೇ ಸಾಕಲ್ದಾ" ಅಂತ. ಅಲ್ಯೂಮಿನಿಯಂಗೆ ಬೋಟಿನ ಕೈ ಹೆಚ್ಚಾಗುತ್ತದೆ.

ಎಣ್ಣೆ ಹೊಯ್ದದ್ದು ಮೊಮ್ಮಗಳು. ಮೊದಲು ಮೂರು ಲೀಟರ್, ಕಡ್ಡಿ ನೋಡಿ, ಮತ್ತೆ ಚೂರು. ಜಾಸ್ತಿಯಾದರೂ ಕೆಡುಕೇ, ಒಳಗೆ ನೊರೆಯೇಳುತ್ತದೆ. ಆಮೇಲೆ ಅವಳೇ ಓಡಿಹೋಗಿ ಅಜ್ಜಿಯ ಸೆರಗಿನಿಂದ ಕೀಲಿ ಬಿಡಿಸಿಕೊಂಡು ಬಂದಳು. ಮಗ ಒಳಗೆ ಕೂತು ಗುಂಡಿ ಒತ್ತಿದ. ಹಸಿರು ಅಕ್ಷರ ಬಂತು, ಇಂಜಿನ್ ಏಳಲಿಲ್ಲ. ಬ್ಯಾಟರಿ ಮರವಂತೆಯ ದಾರಿಯಲ್ಲಿ ತುಂಬಿತ್ತಲ್ಲ! ನಾವೆಲ್ಲ ಅಂಗಳದಲ್ಲಿ ಸುಮ್ಮನೆ ನಿಂತೆವು. ಏಸಿ ಹಾಕಿ ಎಷ್ಟೋ ಹೊತ್ತಾದ ಮೇಲೆ ಗುಂಯ್.

"ಚೆಂಡಿ ಬಂತ್!" ಎಂದು ಮೊಮ್ಮಗಳು ಕೂಗಿದಳು. ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದೆ, ಎಲ್ಲೂ ಒಂದು ಹನಿಯಿಲ್ಲ. ಎಲ್ಲ ಆರಿಸಿ, ಐದು ನಿಮಿಷ ಬಿಟ್ಟು, ಕಡ್ಡಿಯಲ್ಲಿ ಕೊನೆಯ ಸಲ ಮಟ್ಟ ನೋಡಿದೆವು.

ಕಾರಿನ ಕೆಲಸ ಮುಗಿಯಿತು. ಬೇಸಿನ್ನಿನಲ್ಲಿ ಮೂರು ಲೀಟರಿಗೂ ಮೇಲೆ ಹಳೆಯ ಎಣ್ಣೆ ಉಳಿಯಿತು. ಎಣ್ಣೆ ಬದಲಿಸುವುದು ಎಲ್ಲರಿಗೂ ಬರುತ್ತದೆ. ಇದನ್ನು ಏನು ಮಾಡುವುದು ಎಂಬಲ್ಲಿ ನಮ್ಮ ಊರಿನ ಬುದ್ಧಿ ಇನ್ನೂ ಹಳೆಯದೇ. ಬೇಲಿಯ ಆಚೆಯಿಂದ ನೆರೆಮನೆಯವರು, "ಹ್ವಾಯ್, ಹಳೆ ಎಣ್ಣಿ ಚೆಲ್ಲ್‌ಬ್ಯಾಡಿ, ನಂಗ್ ಕೊಡಿ. ಬೇಲಿ ಗೂಟಕ್ಕೆ ಹಚ್ಚುಕೆ ಆತ್ತ್, ಗೆದ್ದಲ್ ಹಿಡಿತಿಲ್ಲೆ" ಅಂದರು. ಹೌದು, ಹಚ್ಚುತ್ತಿದ್ದರು. ಗೂಟಕ್ಕೆ, ದಾರಂದಕ್ಕೆ, ದೋಣಿಯ ತಳಕ್ಕೆ. ಉಳಿದದ್ದು ತೆಂಗಿನ ಬುಡಕ್ಕೋ ತೋಡಿಗೋ. ಆಗ ಊರಿಗೆ ಒಂದೆರಡು ವಾಹನ. ಈಗ ಮನೆಗೊಂದು ಎರಡು.

ನಾನು ಮಾತು ಮುಗಿಸುವ ಮೊದಲೇ ಮೊಮ್ಮಗಳು ಎದ್ದು ಹೆಜ್ಜೆ ಹಾಕಿ ಎಣಿಸಿದಳು. ಕಾರು ನಿಂತ ಜಾಗದಿಂದ ನಮ್ಮ ಬಾವಿಗೆ ಹದಿನಾಲ್ಕು ಹೆಜ್ಜೆ. ಬೇಲಿಯ ಗೂಟದಿಂದ ನೆರೆಮನೆಯ ಬಾವಿಗೆ ಅದಕ್ಕೂ ಕಮ್ಮಿ. ನಮ್ಮದು ತೂತು ತೂತಾದ ಮುರಕಲ್ಲಿನ ನೆಲ, ಕಡಲ ಬದಿಗೆ ಹೋದರೆ ಹೊಯ್ಗೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಜಿಲ್ಲೆ. ಆ ನೆಲ ಬಿದ್ದ ನೀರನ್ನೆಲ್ಲ ಬಾವಿಗೆ ಕೊಡುತ್ತದೆ ಎಂದೇ ನಾವು ಬದುಕಿದ್ದೇವೆ. ನೀರಿನ ಜೊತೆ ಬಂದದ್ದನ್ನೂ ಕೊಡುತ್ತದೆ. ಹಳೆಯ ಎಣ್ಣೆಯಲ್ಲಿ ಇಂಜಿನ್ ಸವೆದ ಲೋಹ, ಮಸಿ, ಪೆಟ್ರೋಲು, ಇನ್ನೂ ಏನೇನೋ ಇರುತ್ತದೆ. ಬರಿಗೈಯಲ್ಲಿ ಮುಟ್ಟುತ್ತಿರುವುದೂ ಚರ್ಮಕ್ಕೆ ಒಳ್ಳೆಯದಲ್ಲ, ಅದಕ್ಕೇ ಕೈಗೆ ಗ್ಲೌಸ್ ಹಾಕಿದ್ದೆ.

ಅವಳಿಗೆ ತೋರಿಸಲೆಂದು ತಟ್ಟೆಯಲ್ಲಿ ನೀರು ತರಿಸಿ, ಬೆಂಕಿಕಡ್ಡಿಯ ತುದಿಯನ್ನು ಎಣ್ಣೆಗೆ ಅದ್ದಿ ನೀರಿಗೆ ಮುಟ್ಟಿಸಿದೆ. ಕಣ್ಣು ಮಿಟುಕಿಸುವುದರೊಳಗೆ ತಟ್ಟೆಯ ಅಂಚಿನವರೆಗೆ ಕಾಮನಬಿಲ್ಲು. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಕೆಸರುನೀರಿನ ಮೇಲೆ ಕಾಣುವುದೂ ಇದೇ. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹುಡುಕಿದ ಬೆಂಜಮಿನ್ ಫ್ರಾಂಕ್ಲಿನ್ ಹೆಸರು ಮಕ್ಕಳು ಕೇಳಿರುತ್ತೀರಿ. ಅವರು ಲಂಡನ್ನಿನ ಕ್ಲಾಫಮ್ ಎಂಬಲ್ಲಿ ಕೆರೆಯೊಂದಕ್ಕೆ ಒಂದು ಚಮಚೆಯಷ್ಟು ಎಣ್ಣೆ ಹೊಯ್ದು ನೋಡಿದ್ದರು. ಅದು ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ ನೀರಿನ ಮೇಲೆ ಅಲೆ ಅಡಗಿ ಕನ್ನಡಿಯಂತಾಯಿತು ಎಂದು 1774ರಲ್ಲಿ ಪ್ರಕಟಿಸಿದರು. ಅರ್ಧ ಎಕರೆ ಎಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಸೆಂಟ್ಸ್, ಒಂದು ಮನೆ, ಬಾವಿ, ಹತ್ತಿಪ್ಪತ್ತು ತೆಂಗು ಎಲ್ಲ ಹಿಡಿಸುವ ಜಾಗ. ಅದು ಒಂದು ಚಮಚೆಯ ಮಾತು. ಒಂದು ಕಾರಿನಿಂದ ಒಂದು ಸಲ ತೆಗೆದ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ 38 ಲಕ್ಷ ಲೀಟರಿನಷ್ಟು ಒಳ್ಳೆಯ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಹೇಳುತ್ತದೆ. ನೆರೆಮನೆಯವರೂ ಬೇಲಿಯ ಮೇಲಿಂದ ತಟ್ಟೆ ನೋಡಿದರು. ಗೂಟದ ಮಾತು ಮತ್ತೆ ಬರಲಿಲ್ಲ. ತಟ್ಟೆಯ ನೀರನ್ನು ಹಳೆಯ ಪೇಪರಿಗೆ ಹೀರಿಸಿ, ಎಣ್ಣೆ ಒರಸಿದ ಬಟ್ಟೆಯ ಜೊತೆ ಚೀಲಕ್ಕೆ ಕಟ್ಟಿದೆವು. ಎಣ್ಣೆಯನ್ನು ಲಾಳಿಕೆ ಇಟ್ಟು, ಹೊಸದು ಬಂದ ಡಬ್ಬಕ್ಕೇ ತುಂಬಿ ಮುಚ್ಚಳ ಬಿಗಿದೆವು. ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಬಸಿಯಲು ಬಿಟ್ಟೆವು.

ಮರುದಿನ ಡಬ್ಬ ಹಿಡಿದು ಕುಂದಾಪುರಕ್ಕೆ ಹೋದೆ, ಮೊಮ್ಮಗಳೂ ಹೊರಟಳು. ಮೊದಲು ಹೋದ ಗ್ಯಾರೇಜಿನಲ್ಲಿ, "ಅಲ್ಲೇ ಹಿಂದ್ಗಡೆ ಚೆಲ್ಲಿ ಬಿಡಿ" ಅಂದರು. ಹಿಂದುಗಡೆ ನೋಡಿದರೆ ಕಪ್ಪು ನೆಲ, ಆಚೆಗೆ ತೋಡು. ತೋಡು ಪಂಚಗಂಗಾವಳಿಯ ಹೊಳೆಗೆ, ಹೊಳೆ ಗಂಗೊಳ್ಳಿಯ ಅಳಿವೆಗೆ. ಮೂವತ್ತು ವರ್ಷ ನನಗೆ ಅನ್ನ ಕೊಟ್ಟ ನೀರು ಅದು. ಡಬ್ಬ ಎತ್ತಿಕೊಂಡು ಹೊರಟೆ. ಎರಡನೆಯ ಕಡೆಯೂ ಡ್ರಮ್ ಇರಲಿಲ್ಲ. ಮೂರನೆಯದರಲ್ಲಿ ಮುಚ್ಚಳವಿದ್ದ ದೊಡ್ಡ ಡ್ರಮ್ ಇತ್ತು, ಅಡಿಗೆ ಸಿಮೆಂಟಿನ ಕಟ್ಟೆಯೂ ಇತ್ತು. ಗ್ಯಾರೇಜಿನ ಯಜಮಾನರು ಒಳಗೆ ಕರೆದು ಕೂರಿಸಿ ಕಾಗದ ತೋರಿಸಿದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರು ಬಂದು ಒಯ್ಯುತ್ತಾರೆ, ಕೊಳೆ ತೆಗೆದು ಮತ್ತೆ ಎಣ್ಣೆ ಮಾಡುತ್ತಾರೆ. ಎಣ್ಣೆ ಕೊಳೆಯಾಗುತ್ತದೆ, ಸಾಯುವುದಿಲ್ಲ. ನಮ್ಮ ದೇಶದ 2016ರ ನಿಯಮದಲ್ಲೇ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲಿನಿಂದ ಎಣ್ಣೆ ತಯಾರಿಸಿ ಮಾರುವ ಕಂಪನಿಗಳಿಗೂ ಹಳೆಯದನ್ನು ಮರುಬಳಕೆಗೆ ತರುವ ಹೊಣೆ ಬಂದಿದೆ. ಕಾನೂನು ಡ್ರಮ್ಮಿನವರೆಗೆ ಬಂದಿದೆ. ಅಂಗಳದಿಂದ ಡ್ರಮ್ಮಿಗೆ ಒಯ್ಯಬೇಕಾದವರು ನಾವು.

"ಇಷ್ಟ್ ಕಮ್ಮಿ ಎಣ್ಣಿ ಹಿಡ್ಕಂಡ್ ಹೆಮ್ಮಾಡಿಯಿಂದ ಬಂದ್ರ್ಯಾ?" ಎಂದು ಕೇಳಿದರು ಯಜಮಾನರು. ಮೊಮ್ಮಗಳು, "ಮೂರು ಲೀಟರ್ ಮೇಲ್ ಇತ್ತ್" ಎಂದು ಸರಿಪಡಿಸಿದಳು. ಡಬ್ಬ ಬೋರಲಾಗಿ ಡ್ರಮ್ಮಿನ ಬಾಯಿಯ ಮೇಲೆ ಕೊನೆಯ ತೊಟ್ಟು ಬೀಳುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಬಟ್ಟೆಯ ಚೀಲವನ್ನೂ ಬಸಿದ ಫಿಲ್ಟರನ್ನೂ ಅವರೇ ಇಟ್ಟುಕೊಂಡರು.

ಆಯುಧ ಪೂಜೆಯ ದಿನ ಕಾರಿಗೆ ಹೂವಿನ ಮಾಲೆ ಬಿತ್ತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಪೂಜೆಯಾದ ಮೇಲೆ ಮೊಮ್ಮಗಳು ನೋಟ್‌ಬುಕ್ಕಿನ ಹಾಳೆಯೊಂದನ್ನು ಕಾರಿನ ಡ್ರಾಯರಿನಲ್ಲಿ ಇಟ್ಟಳು. ಎಣ್ಣೆ ಬದಲಿಸಿದ ತಾರೀಖು, ಕಿಲೋಮೀಟರ್, ಯಾವ ಎಣ್ಣೆ, ಎಷ್ಟು ಲೀಟರ್ ಎಲ್ಲ ಬರೆದಿದ್ದಳು. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು 'ಸಣ್ಣ ಓಟ' ಎಂದು ತಲೆಬರಹ. ಶಾಲೆಗೆ ಹೋಗಿಬಂದ ಪ್ರತಿ ಸಲ ಅಲ್ಲೊಂದು ಗೆರೆ ಹಾಕುತ್ತಾಳಂತೆ, ಕಾರು ಅದನ್ನು ಎಣಿಸುವುದಿಲ್ಲವಲ್ಲ. ನಿನ್ನೆ ನೋಡಿದಾಗ ನಲವತ್ತೊಂದು ಗೆರೆಗಳಿದ್ದವು.